‘ಗ್ಯಾಸ್ ಇರಬೇಕು’ ಎಂದು ಕಳೆದ 40 ನಿಮಿಷ

ಪ್ರಶ್ನೆ: ಕಳೆದ ತಿಂಗಳು ಒಂದು ರಾತ್ರಿ 2 ಗಂಟೆಗೆ ತಂದೆಯವರಿಗೆ ಎದೆ ಬಿಗಿಹಿಡಿದು ಮೈಯೆಲ್ಲ ಬೆವರಿತು. ‘ಗ್ಯಾಸ್ ಇರಬೇಕು, ಬೆಳಿಗ್ಗೆ ನೋಡೋಣ’ ಎಂದರು. ಆಂಬುಲೆನ್ಸ್ ಕರೆಯಬೇಕೋ ಬೇಡವೋ ಎಂದು ಒದ್ದಾಡುತ್ತಲೇ 40 ನಿಮಿಷ ಕಳೆಯಿತು. ಕೊನೆಗೆ ನಾನೇ ಕಾರಿನಲ್ಲಿ ಕರೆದೊಯ್ದೆ. ಹೃದಯಾಘಾತವೇ ಆಗಿತ್ತು, ಈಗ ಚೇತರಿಸಿಕೊಳ್ಳುತ್ತಿದ್ದಾರೆ. ಇಂಥ ಹೊತ್ತಿನಲ್ಲಿ ಕರೆ ಮಾಡಲೇಬೇಕು ಎಂದು ನಮ್ಮಂಥವರಿಗೆ ಗೊತ್ತಾಗುವುದು ಹೇಗೆ? ಏನು ಹೇಳಬೇಕು? ನನ್ನ ಆತಂಕ ಸುಳ್ಳಾದರೆ ಬೈಸಿಕೊಳ್ಳಬೇಕಾಗುತ್ತದೆಯೇ?

ತುರ್ತು ಚಿಕಿತ್ಸಾ ವೈದ್ಯರ ಉತ್ತರ: ತಂದೆಯವರು ಉಳಿದರಲ್ಲ, ಅದು ದೊಡ್ಡದು. ಆ 40 ನಿಮಿಷಕ್ಕಾಗಿ ನಿಮ್ಮನ್ನು ನೀವೇ ಹಳಿದುಕೊಳ್ಳಬೇಡಿ. ತಡವಾಗಿ ಬಂದವರನ್ನು ‘ಯಾಕೆ ಇಷ್ಟು ಹೊತ್ತು?’ ಎಂದು ಕೇಳಿದಾಗಲೆಲ್ಲ ನಾನು ಅತಿ ಹೆಚ್ಚು ಕೇಳಿರುವ ಉತ್ತರ ‘ಗ್ಯಾಸ್ ಅಂದುಕೊಂಡೆವು’ ಎಂಬುದೇ. ಇಸಿಜಿ ಮತ್ತು ರಕ್ತಪರೀಕ್ಷೆ ಇಲ್ಲದೆ ನನಗೇ ಬಿಡಿಸಲಾಗದ ಗಂಟನ್ನು ನಡುರಾತ್ರಿ ಹಾಸಿಗೆಯ ಪಕ್ಕ ನಿಂತು ನೀವು ಹೇಗೆ ಬಿಡಿಸೀರಿ? ರೋಗ ಯಾವುದೆಂದು ತೀರ್ಮಾನವಾದ ಮೇಲೆ ಕರೆ ಮಾಡೋಣ ಎಂದು ಕಾಯುತ್ತೇವೆ. ಆ ತೀರ್ಮಾನ ನಮ್ಮಿಂದ ಆಗದು ಎಂಬುದೇ ಕರೆ ಮಾಡಲು ಸಾಕಾದ ಕಾರಣ.

ಎದೆಯ ಬಿಗಿತ ಕೆಲವು ನಿಮಿಷ ಕಳೆದರೂ ಇಳಿಯದಿದ್ದರೆ, ತೋಳಿಗೋ ದವಡೆಗೋ ಹಬ್ಬಿದರೆ, ಜೊತೆಗೆ ಬೆವರು ಅಥವಾ ಏದುಸಿರು ಇದ್ದರೆ ಕಾಯಬೇಡಿ. ಮಧುಮೇಹ ಇರುವವರಲ್ಲಿ, ವಯಸ್ಸಾದವರಲ್ಲಿ, ಮಹಿಳೆಯರಲ್ಲಿ ಎದೆನೋವೇ ಇಲ್ಲದೆ ಬರೀ ಸುಸ್ತು, ವಾಕರಿಕೆ, ಉಸಿರುಗಟ್ಟುವಿಕೆಯಾಗಿಯೂ ಹೃದಯಾಘಾತ ಬರಬಹುದು. ಬಾಯಿ ಒಂದು ಕಡೆಗೆ ಸೊಟ್ಟಗಾಗುವುದು, ಎತ್ತಿದ ಕೈ ತಾನಾಗಿ ಕೆಳಗಿಳಿಯುವುದು, ಮಾತು ತೊದಲುವುದು ಪಾರ್ಶ್ವವಾಯುವಿನ ಗುರುತುಗಳು. ಹತ್ತೇ ನಿಮಿಷದಲ್ಲಿ ಸರಿಹೋದರೂ ಕರೆ ಮಾಡಿ. ರೋಗಿ ಕೊನೆಯ ಬಾರಿ ಚೆನ್ನಾಗಿದ್ದುದು ಎಷ್ಟು ಗಂಟೆಗೆ ಎಂಬುದನ್ನು ನೆನಪಿಟ್ಟುಕೊಳ್ಳಿ. ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಔಷಧವನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಆ ಲೆಕ್ಕ ಶುರುವಾಗುವುದು ನೀವು ಹೇಳುವ ಸಮಯದಿಂದ. ಪ್ರಜ್ಞೆ ತಪ್ಪುವುದು, 5 ನಿಮಿಷ ಮೀರಿದ ಫಿಟ್ಸ್, ಒತ್ತಿ ಹಿಡಿದರೂ ನಿಲ್ಲದ ರಕ್ತ, ಒಂದು ವಾಕ್ಯ ಪೂರ್ತಿ ಹೇಳಲಾಗದಷ್ಟು ಉಬ್ಬಸ, ವಿಷ ಸೇವನೆ, ಬೆಂಕಿ, ಪ್ರಾಣಬೆದರಿಕೆ ಇವೆಲ್ಲ ಎರಡನೆಯ ಯೋಚನೆ ಬೇಡದ ಸಂದರ್ಭಗಳು. ಮೂರು ದಿನದ ನೆಗಡಿ, ಮುಗಿದುಹೋದ ಮಾತ್ರೆ ಇವು ಬೆಳಿಗ್ಗೆ ವೈದ್ಯರ ಬಳಿ ಹೋಗುವ ವಿಷಯ.

ಕಾರಿನ ಬಗ್ಗೆ ಒಂದು ಮಾತು, ಬೇಸರಿಸಬೇಡಿ. ದಾರಿಯಲ್ಲಿ ಹೃದಯ ನಿಂತುಬಿಟ್ಟಿದ್ದರೆ ಸ್ಟಿಯರಿಂಗ್ ಹಿಡಿದಿದ್ದ ನೀವು ಏನು ಮಾಡಬಹುದಿತ್ತು? ಸುಸಜ್ಜಿತ ಆಂಬುಲೆನ್ಸಿನಲ್ಲಿ ಆಮ್ಲಜನಕ, ಹೃದಯಕ್ಕೆ ಶಾಕ್ ಕೊಡುವ ಯಂತ್ರ, ಅದನ್ನು ಬಳಸಬಲ್ಲ ಕೈ ಇರುತ್ತವೆ. ಗಾಡಿ ಬರುವುದು ತೀರಾ ತಡವಾಗುವಂತಿದ್ದರೆ ಏನು ಮಾಡಬೇಕೆಂದು ಫೋನಿನಲ್ಲಿ ಅವರನ್ನೇ ಕೇಳಿ.

ಭಾರತದಲ್ಲಿಯೂ ಯುರೋಪಿನಲ್ಲಿಯೂ ಸಂಖ್ಯೆ 112, ಅಮೆರಿಕದಲ್ಲಿ 911, ಬ್ರಿಟನ್ನಿನಲ್ಲಿ 999. ಪರದೇಶಕ್ಕೆ ಹೊರಡುವಾಗ ಅಲ್ಲಿಯದನ್ನು ತಿಳಿದುಕೊಂಡೇ ಹೊರಡಿ. ಫೋನ್ ಲಾಕ್ ಆಗಿದ್ದರೂ ತುರ್ತು ಕರೆ ಹೋಗುತ್ತದೆ. ನಿಮ್ಮ ಕಂಪನಿಯ ಸಿಗ್ನಲ್ ಇಲ್ಲದ ಕಡೆ ಬೇರೆ ಕಂಪನಿಯ ಟವರ್ ಮೂಲಕವೂ ಹೋಗಬಹುದು.

ಫೋನ್ ಎತ್ತಿದವರಿಗೆ ಮೊದಲು ಹೇಳಬೇಕಾದದ್ದು ಏನಾಯಿತು ಎಂಬುದನ್ನಲ್ಲ, ಎಲ್ಲಿದ್ದೀರಿ ಎಂಬುದನ್ನು. ನಡುವೆ ಕರೆ ಕಡಿದುಹೋದರೂ ಜಾಗ ಗೊತ್ತಿದ್ದರೆ ಸಹಾಯ ಬಂದೀತು. ಜಾಗ ಗೊತ್ತಿಲ್ಲದಿದ್ದರೆ ಉಳಿದ ಯಾವ ವಿವರವೂ ಕೆಲಸಕ್ಕೆ ಬಾರದು. ರಸ್ತೆ, ಮನೆ ಸಂಖ್ಯೆ, ಮಹಡಿ, ಎಲ್ಲರಿಗೂ ಗೊತ್ತಿರುವ ಒಂದು ಗುರುತು. ಆಮೇಲೆ ಏನಾಗಿದೆ, ಎಚ್ಚರವಿದ್ದಾರೆಯೇ, ಉಸಿರಾಡುತ್ತಿದ್ದಾರೆಯೇ, ವಯಸ್ಸೆಷ್ಟು. ರೋಗದ ಇತಿಹಾಸವನ್ನು ಆರಂಭದಿಂದ ಹೇಳಲು ಹೊರಡಬೇಡಿ, ಕೇಳಿದ್ದಕ್ಕೆ ಉತ್ತರಿಸಿ. ‘ಗಾಡಿ ಕಳಿಸುವುದು ಬಿಟ್ಟು ಪ್ರಶ್ನೆ ಕೇಳುತ್ತಿದ್ದಾರೆ’ ಎಂದು ಸಿಡುಕುವವರುಂಟು. ಎಷ್ಟೋ ಕೇಂದ್ರಗಳಲ್ಲಿ ಒಬ್ಬರು ಪ್ರಶ್ನೆ ಕೇಳುತ್ತಿರುವಾಗಲೇ ಇನ್ನೊಬ್ಬರು ಗಾಡಿ ಹೊರಡಿಸಿರುತ್ತಾರೆ. ಅವರು ಹೇಳುವವರೆಗೆ ಫೋನ್ ಇಡಬೇಡಿ. ಸ್ಪೀಕರ್ ಹಾಕಿ ಪಕ್ಕದಲ್ಲಿಡಿ.

ಉಸಿರಿನ ವಿಷಯದಲ್ಲಿ ಬಹಳ ಜನ ಮೋಸಹೋಗುತ್ತಾರೆ. ಹೃದಯ ನಿಂತ ಮೇಲೂ ಕೆಲವು ನಿಮಿಷ ಗೊರಕೆಯಂತೆ, ಬಿಟ್ಟುಬಿಟ್ಟು ಬಾಯಿ ತೆರೆದು ಎಳೆದುಕೊಳ್ಳುವುದುಂಟು. ಅದು ಉಸಿರಾಟವಲ್ಲ. ಪ್ರಜ್ಞೆ ಇಲ್ಲದವರು ಹಾಗೆ ಮಾಡುತ್ತಿದ್ದರೆ ಅದನ್ನೇ ಫೋನಿನಲ್ಲಿ ವರ್ಣಿಸಿ, ಅವರು ಹೇಳಿದಂತೆ ಎದೆಯ ನಡುವೆ ಎರಡೂ ಕೈಯೂರಿ ಒತ್ತಲು ತೊಡಗಿ: ನಿಮಿಷಕ್ಕೆ 100ರಿಂದ 120 ಬಾರಿ, ದೊಡ್ಡವರಾದರೆ 5 ಸೆಂಟಿಮೀಟರಿನಷ್ಟು ಆಳಕ್ಕೆ. ಒತ್ತಡವೂ ಶಾಕ್ ಚಿಕಿತ್ಸೆಯೂ ಇಲ್ಲದೆ ಕಳೆಯುವ ಪ್ರತಿ ನಿಮಿಷಕ್ಕೆ ಬದುಕುವ ಸಾಧ್ಯತೆ ಶೇಕಡ 7ರಿಂದ 10ರಷ್ಟು ಇಳಿಯುತ್ತದೆ.

ಬೈಗುಳದ ಭಯ ಬಿಡಿ. ನಿಜವಾದ ಆತಂಕದಿಂದ ಮಾಡಿದ ಕರೆ ಕೊನೆಗೆ ಗ್ಯಾಸ್ ಎಂದೇ ತೇಲಿದರೆ ನಮಗೂ ಖುಷಿಯೇ. ತಪ್ಪು ಎನಿಸಿಕೊಳ್ಳುವುದು ಬೇಕೆಂದೇ ಮಾಡುವ ಹುಸಿ ಕರೆ. ಮಗು ಫೋನ್ ಒತ್ತಿ ಕರೆ ಹೋಗಿಬಿಟ್ಟರೆ ಮಾತ್ರ ಗಾಬರಿಯಿಂದ ಕಟ್ ಮಾಡಬೇಡಿ, ‘ಕೈತಪ್ಪಿನಿಂದ ಆಯಿತು’ ಎಂದು ಹೇಳಿ ಇಡಿ. ಕಟ್ ಮಾಡಿದರೆ ಅಪಾಯದಲ್ಲಿದ್ದೀರೇನೋ ಎಂದು ಅವರು ನಿಮ್ಮನ್ನು ಹುಡುಕಬೇಕಾಗುತ್ತದೆ.

ಕರೆಯ ನಂತರ ಬಾಗಿಲ ಚಿಲಕ ತೆಗೆದು, ಹೊರಗಿನ ದೀಪ ಹಾಕಿ, ಒಬ್ಬರನ್ನು ರಸ್ತೆಗೆ ಕಳಿಸಿ. ತಂದೆಯವರು ಈಗ ತೆಗೆದುಕೊಳ್ಳುತ್ತಿರುವ ಮಾತ್ರೆಗಳ ಹೆಸರು, ಒಗ್ಗದ ಔಷಧಗಳು, ಡಿಸ್ಚಾರ್ಜ್ ಚೀಟಿಯ ಪ್ರತಿ ಇಷ್ಟನ್ನು ಒಂದು ಕವರಿಗೆ ಹಾಕಿ ಬಾಗಿಲ ಬಳಿ ತೂಗುಹಾಕಿ. ಕವರಿನ ಮೇಲೆ ಮನೆಯ ಪೂರ್ತಿ ವಿಳಾಸವನ್ನೂ ಬರೆಯಿರಿ. ಗಾಬರಿಯಲ್ಲಿ ಸ್ವಂತ ಮನೆಯ ಸಂಖ್ಯೆ ಮರೆತವರನ್ನು ನಾನು ಕಂಡಿದ್ದೇನೆ.