ನಮ್ಮ ಕಡೆ ಕಾಡೇ ಇಲ್ಲ, ಅರಣ್ಯ ಮತ್ತು ಸಮಾಜದ ಬಗ್ಗೆ ಸಂಶೋಧನೆ ಮಾಡಲು ಎಲ್ಲಿಗೆ ಅರ್ಜಿ ಹಾಕಲಿ?

ಕೊಪ್ಪಳದವರು, ಅರಣ್ಯಶಾಸ್ತ್ರದಲ್ಲಿ ಬಿ.ಎಸ್ಸಿ. ಮುಗಿಸಿದ್ದೀರಿ, ಮರಗಳಿಗಿಂತ ಅಡವಿಯನ್ನು ನಂಬಿ ಬದುಕುವ ಜನರ ಬಗ್ಗೆ ಓದುವ ಆಸೆ ಎಂದು ಬರೆದಿದ್ದೀರಿ. ನಾನು ಸಂಡೂರು ಕಡೆಯವಳು, ಇದೇ ಕ್ಷೇತ್ರದಲ್ಲಿ ಪಿಎಚ್.ಡಿ. ಮಾಡುತ್ತಿದ್ದೇನೆ. ಅರ್ಜಿಯ ಮಾತು ಆಮೇಲೆ ಆಡೋಣ. ಮೊದಲು ಆ ‘ಕಾಡೇ ಇಲ್ಲ’ ಎನ್ನುವುದನ್ನು ಬಿಡಿ. ಪಶ್ಚಿಮ ಘಟ್ಟದ ಬಗ್ಗೆ ಸಂಶೋಧನೆ ಮಾಡುತ್ತೇನೆ ಎಂದು ಬರುವವರು ಹೇರಳವಾಗಿದ್ದಾರೆ. ಕುರುಚಲು ಗುಡ್ಡ, ಗಾಯರಾಣ (ಊರಿನ ಗೋಮಾಳ), ಹುಲ್ಲುಗಾವಲು ಎನ್ನುವವರು ಅಪರೂಪ.

ನಿಮ್ಮ ಜಿಲ್ಲೆಯನ್ನೇ ನೋಡಿ. ಗಂಗಾವತಿ ತಾಲ್ಲೂಕಿನ ಬಂಕಾಪುರದಲ್ಲಿ ತೋಳಗಳಿಗೆಂದೇ ಅಭಯಾರಣ್ಯ ಘೋಷಣೆಯಾಗಿದೆ. ತೋಳ ಇರುವಲ್ಲಿ ಕುರಿಮಂದೆ ಇದ್ದೇ ಇರುತ್ತದೆ. ಕುರಿ ಹೋದಾಗ ಪರಿಹಾರ ಕೇಳುವವರು ಯಾರು, ಕೇಳದವರು ಯಾರು, ಏಕೆ? ಇನ್ನು 2006ರ ಅರಣ್ಯ ಹಕ್ಕು ಕಾಯ್ದೆ ಅಲೆಮಾರಿ ಕುರಿಗಾರರ ಋತುಮಾನದ ಮೇಯಿಸುವಿಕೆಯನ್ನೂ ಹಕ್ಕೆಂದು ಒಪ್ಪುತ್ತದೆ. ಆದರೆ ನಮ್ಮ ಕಡೆಯ ಕುರುಬರು ಪರಿಶಿಷ್ಟ ಪಂಗಡದ ಪಟ್ಟಿಯಲ್ಲಿಲ್ಲ. ಹಾಗಾಗಿ ಅವರು ‘ಇತರ ಪಾರಂಪರಿಕ ಅರಣ್ಯವಾಸಿ’ಗಳೆಂದು ಮೂರು ತಲೆಮಾರಿನ, ಅಂದರೆ 75 ವರ್ಷಗಳ ನೆಲೆಯನ್ನು ತೋರಿಸಬೇಕು. ವರ್ಷದಲ್ಲಿ ಹಲವು ತಿಂಗಳು ಮಂದೆಯ ಹಿಂದೆ ನಡೆಯುವ ಕುಟುಂಬ ಅದಕ್ಕೆ ಯಾವ ಕಾಗದ ತರಬೇಕು? ಇದೊಂದೇ ಪ್ರಶ್ನೆ ಒಂದು ಪ್ರಬಂಧಕ್ಕೆ ಸಾಕು.

ಬಳ್ಳಾರಿ ಜಾಲಿಯೂ ಇದೆ. ಅಮೆರಿಕ ಖಂಡದಿಂದ ಬ್ರಿಟಿಷರ ಕಾಲದಲ್ಲಿ ಬಂದ ಈ ಗಿಡ ಪರಿಸರ ತಜ್ಞರಿಗೆ ನುಗ್ಗಿ ಬಂದ ಕಳೆ, ಇದ್ದಿಲು ಸುಡುವವರಿಗೆ ಅನ್ನ. ಕಿತ್ತುಹಾಕಿ ಎನ್ನುವ ಮೊದಲು ಇದ್ದಿಲಿನ ಲೆಕ್ಕವನ್ನು ಯಾರಾದರೂ ಕೂತು ಬರೆಯಬೇಕು.

ನಮ್ಮ ಸಂಡೂರಿನ ಕತೆ ಬೇರೆ. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಕಬ್ಬಿಣದ ಅದಿರು ಗಣಿಗಾರಿಕೆಯನ್ನು ನಿಲ್ಲಿಸಿತು. ಅಕ್ರಮದ ಪ್ರಮಾಣ ನೋಡಿ ಗಣಿಗಳನ್ನು ಎ, ಬಿ, ಸಿ ಎಂದು ವಿಂಗಡಿಸಲಾಯಿತು. 2013ರ ತೀರ್ಪಿನಲ್ಲಿ ಸಿ ವರ್ಗದ ಗುತ್ತಿಗೆಗಳು ರದ್ದಾದವು, ಉಳಿದವು ಪುನಶ್ಚೇತನ ಯೋಜನೆಯ ಷರತ್ತಿನ ಮೇಲೆ ತೆರೆದವು. ಗಣಿಬಾಧಿತ ಪ್ರದೇಶದ ಪುನಶ್ಚೇತನಕ್ಕೆಂದೇ ಈಗ ಒಂದು ನಿಗಮವಿದೆ, ಸಾವಿರಾರು ಕೋಟಿ ರೂಪಾಯಿಯ ಯೋಜನೆಯಿದೆ. ನೆಟ್ಟ ಸಸಿಯಲ್ಲಿ ಎಷ್ಟು ಬದುಕಿತು ಎಂದು ಎಣಿಸಲು ನಿಮಗೆ ಕಲಿಸಿದ್ದಾರೆ. ಸಸಿ ಕಾಯಲು ಹಾಕಿದ ಬೇಲಿಯೊಳಗೆ ಮೊದಲು ದನ ಮೇಯಿಸುತ್ತಿದ್ದವರು ಈಗ ಎಲ್ಲಿಗೆ ಹೋಗುತ್ತಾರೆ ಎಂದು ಕೇಳುವುದನ್ನು ಇನ್ನು ಕಲಿಯಬೇಕು. ಎರಡೂ ಬಲ್ಲವರು ಕಡಿಮೆ.

ಈಗ ಅರ್ಜಿ. ಬೆಂಗಳೂರಿನ ಪರಿಸರ ಸಂಶೋಧನಾ ಸಂಸ್ಥೆ ಏಟ್ರೀಯ ಪಿಎಚ್.ಡಿ. ಕಾರ್ಯಕ್ರಮದಲ್ಲಿ ಜೀವಿಶಾಸ್ತ್ರದವರೂ ಸಮಾಜ ವಿಜ್ಞಾನದವರೂ ಒಟ್ಟಿಗೆ ಓದುತ್ತಾರೆ. ನಿಮ್ಮಂಥವರಿಗೆ ನಾನು ಮೊದಲು ಹೇಳುವ ಹೆಸರು ಅದೇ. ಅರ್ಥಶಾಸ್ತ್ರದ ಕಡೆ ಒಲವಿದ್ದರೆ ನಾಗರಬಾವಿಯ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆ, ಅಂದರೆ ಐಸೆಕ್. ಅರಣ್ಯ ಇಲಾಖೆಯ ಭಾಷೆಯಲ್ಲೇ ಮಾತನಾಡಬೇಕೆಂದರೆ ಡೆಹ್ರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆ. ಕನ್ನಡದಲ್ಲೇ ಪ್ರಬಂಧ ಬರೆಯುವ ಮನಸ್ಸಿದ್ದರೆ ಹಂಪಿ ಕನ್ನಡ ವಿಶ್ವವಿದ್ಯಾಲಯ ಕೂಗಳತೆಯಲ್ಲೇ ಇದೆ. ಎಂ.ಎಸ್ಸಿ. ಇನ್ನೂ ಆಗಿಲ್ಲವಾದರೆ ಶಿರಸಿ, ಪೊನ್ನಂಪೇಟೆಯ ಅರಣ್ಯ ಕಾಲೇಜುಗಳು ನಿಮಗೆ ಗೊತ್ತೇ ಇವೆ. ಕಲ್ಯಾಣ ಕರ್ನಾಟಕದವರ ಮೀಸಲಾತಿಗೆ ಬೇಕಾದ 371(ಜೆ) ಪ್ರಮಾಣಪತ್ರವನ್ನು ಈಗಲೇ ಮಾಡಿಸಿಡಿ, ಕೊನೆಯ ವಾರದಲ್ಲಿ ಕಚೇರಿ ಸುತ್ತುವುದು ಬೇಡ. ಜೆಆರ್‌ಎಫ್ ಎಂಬ ಕಿರಿಯ ಸಂಶೋಧಕರ ವೇತನ ಸಿಕ್ಕರೆ 2023ರಿಂದ ತಿಂಗಳಿಗೆ 37,000 ರೂಪಾಯಿ. ನೀವು ಹಿಡಿದ ವಿಷಯಕ್ಕೆ ಹಣ ಕೊಡುವ ಯೋಜನೆ ಯಾವುದೂ ಇಲ್ಲದಿದ್ದಾಗ ಕಾಪಾಡುವುದು ಅದೇ.

ವಿದೇಶದ ಬಗ್ಗೆಯೂ ಕೇಳಿದ್ದೀರಿ. ಅಮೆರಿಕದ ಅರಣ್ಯ ವಿಭಾಗಗಳಲ್ಲಿ ಪ್ರಾಧ್ಯಾಪಕರಿಗೆ ಯೋಜನೆಯ ಹಣ ಬಂದಾಗ ಸಂಶೋಧನಾ ಸಹಾಯಕರಿಗಾಗಿ ಪ್ರಕಟಣೆ ಕೊಡುತ್ತಾರೆ. ಬೋಧನಾ ಶುಲ್ಕವನ್ನು ಸಾಮಾನ್ಯವಾಗಿ ಅವರೇ ಭರಿಸುತ್ತಾರೆ, ತಿಂಗಳ ಸಂಬಳವೂ ಇರುತ್ತದೆ. ಆದರೆ ಆ ಹಣ ಅವರ ಪ್ರಶ್ನೆಗೆ, ನಿಮ್ಮ ತೋಳಕ್ಕಲ್ಲ. ಅಲ್ಲಿಯ ಕಾಡಿನ ಅರ್ಧಕ್ಕಿಂತ ಹೆಚ್ಚು ಖಾಸಗಿಯವರದು. ಹಾಗಾಗಿ ‘ಸಣ್ಣ ಅರಣ್ಯ ಮಾಲೀಕರು ಮರ ಕಡಿಯುವ ನಿರ್ಧಾರವನ್ನು ಹೇಗೆ ಮಾಡುತ್ತಾರೆ’ ಎಂಬಂಥ ವಿಷಯಗಳೇ ಅಲ್ಲಿ ಮತ್ತೆ ಮತ್ತೆ ಬರುತ್ತವೆ. ಕಾಡೆಂದರೆ ಸರ್ಕಾರದ್ದು ಎಂದು ತಿಳಿದು ಬೆಳೆದ ನಮಗೆ ಇದು ವಿಚಿತ್ರ. ಒಗ್ಗಿದರೆ ಒಳ್ಳೆಯ ತರಬೇತಿ, ಇಲ್ಲವಾದರೆ ವರ್ಷಗಟ್ಟಲೆ ಬೇರೆಯವರ ಹೊಲದಲ್ಲಿ ಕಳೆ ಕಿತ್ತಂತೆ. ಯುರೋಪಿನ ಎರಾಸ್ಮಸ್ ಮುಂಡುಸ್ ಸ್ನಾತಕೋತ್ತರ ಕೋರ್ಸ್‌ಗಳಲ್ಲಿ ಅರಣ್ಯದ್ದೂ ಇವೆ. ವಿದ್ಯಾರ್ಥಿವೇತನಕ್ಕೆ ಪೈಪೋಟಿ ಬಿಗಿ.

ಎಲ್ಲಿಗೇ ಆಗಲಿ, ಅರ್ಜಿಗೆ ಮೊದಲು ಮಾರ್ಗದರ್ಶಕರಿಗೆ ಪತ್ರ ಬರೆಯಿರಿ. ಆಗಸ್ಟಿನಲ್ಲಿ ತರಗತಿ ಶುರುವಾಗುವ ಅಮೆರಿಕದ ಕಡೆಗೆ ಬಹುತೇಕ ಅರ್ಜಿಗಳು ಹಿಂದಿನ ಡಿಸೆಂಬರ್, ಜನವರಿಯಲ್ಲೇ ಮುಗಿದುಬಿಡುತ್ತವೆ. ಹಾಗಾಗಿ ಪತ್ರ ಸೆಪ್ಟೆಂಬರಿನಲ್ಲೇ ಹೋಗಲಿ. ‘ಬಾಲ್ಯದಿಂದಲೂ ಪ್ರಕೃತಿ ಎಂದರೆ ಪ್ರೀತಿ’ ಎಂಬ ಸಾಲು ಬೇಡವೇ ಬೇಡ. ಅವರ ಒಂದು ಲೇಖನವನ್ನು ಪೂರ್ತಿ ಓದಿ, ಅದು ನಿಮ್ಮ ಊರಿನಲ್ಲಿ ಎಲ್ಲಿ ನಿಜವಾಗುವುದಿಲ್ಲ ಎಂದು ನಾಲ್ಕು ಸಾಲಿನಲ್ಲಿ ಬರೆಯಿರಿ. ಕುರಿಗಾರರೊಂದಿಗೆ ಅವರದೇ ಮಾತಿನಲ್ಲಿ ಸಂದರ್ಶನ ನಡೆಸಬಲ್ಲೆ ಎಂಬುದನ್ನು ಮೇಲೆಯೇ ಹೇಳಿ, ಅಂಕಪಟ್ಟಿ ಕೊನೆಗಿರಲಿ.