ಬಲಗೈ ತಾಗದೇ ಹೋದಾಗ: ಓದುಗರ ಬಾಕ್ಸಿಂಗ್ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಸರ್, ನನಗೆ 17 ವರ್ಷ. ಜಿಲ್ಲಾ ಮಟ್ಟದಲ್ಲಿ ನನ್ನ ಬಲಗೈ ನೇರ ಪಂಚ್‌ಗೆ ಯಾರೂ ನಿಲ್ಲುತ್ತಿರಲಿಲ್ಲ. ನುಗ್ಗಿ ಬಂದವರನ್ನು ಹೊಡೆಯುವುದು ನನಗೆ ಸುಲಭ. ರಾಜ್ಯ ಮಟ್ಟಕ್ಕೆ ಹೋದರೆ ಎದುರಾಳಿ ಎಡಗೈ ಆಟಗಾರ. ನುಗ್ಗಿ ಬರಲೇ ಇಲ್ಲ. ಮೂರೂ ರೌಂಡ್ ಸೋತೆ. ಸ್ಟೈಲ್ ಬದಲಿಸು, ಮುಹಮ್ಮದ್ ಅಲಿ ತರಹ ಕೈ ಕೆಳಗಿಟ್ಟು ಆಡು ಅಂತ ಗೆಳೆಯರು ಹೇಳುತ್ತಾರೆ. ಇರುವುದನ್ನೇ ಸರಿಮಾಡು ಅಂತ ಕೋಚ್ ಹೇಳುತ್ತಾರೆ. ಯಾರ ಮಾತು ಕೇಳಲಿ?
– ಓದುಗ, ಕೋಡಿಬಾಗ, ಕಾರವಾರ

ಉತ್ತರ: ಕೋಚ್ ಮಾತು ಕೇಳು ತಮ್ಮಾ. ನಿನ್ನ ಬಲಗೈ ಕೆಟ್ಟಿಲ್ಲ. ಅದು ಬರುತ್ತಿದೆ ಅಂತ ಎದುರಾಳಿಗೆ ಮೊದಲೇ ಗೊತ್ತಾಗುತ್ತಿದೆ, ಅಷ್ಟೇ.

ಹೊಸ ಹುಡುಗರು ಪಂಚ್ ಮುಖದ ಹತ್ತಿರ ಬಂದ ಮೇಲೆ ಅದನ್ನು ನೋಡುತ್ತಾರೆ. ಪಳಗಿದವನು ಪಂಚ್ ನೋಡುವುದೇ ಇಲ್ಲ. ಅವನು ನಿನ್ನ ಭುಜ ನೋಡುತ್ತಾನೆ, ಹಿಂದಿನ ಕಾಲಿನ ಹಿಮ್ಮಡಿ ನೋಡುತ್ತಾನೆ. ಹೊಡೆಯುವ ಮೊದಲು ಕೈಯನ್ನು ಚೂರು ಹಿಂದಕ್ಕೆ ಎಳೆಯುವುದು, ಗದ್ದ ಎತ್ತುವುದು, ಜೋರಾಗಿ ಉಸಿರು ಎಳೆದುಕೊಳ್ಳುವುದು, ಹೀಗೆ ಏನಾದರೂ ಒಂದು ಸುಳಿವು ಬಹುತೇಕ ಎಲ್ಲರೂ ಕೊಡುತ್ತಾರೆ. ಮುಂದಿನ ಸ್ಪಾರಿಂಗ್‌ನಲ್ಲಿ (ಜೋಡಿಯಾಗಿ ಆಡುವ ಅಭ್ಯಾಸದ ಪಂದ್ಯದಲ್ಲಿ) ಗೆಳೆಯನ ಕೈಗೆ ಮೊಬೈಲ್ ಕೊಟ್ಟು ವಿಡಿಯೋ ಮಾಡಿಸು. ನಿಧಾನ ಮಾಡಿ ನೋಡು. ನಿನ್ನ ಸುಳಿವು ನಿನಗೇ ಸಿಗುತ್ತದೆ. ಗಟ್ಟಿ ಎದುರಾಳಿಗಳ ಎದುರು ಆಟ ಬದಲಾಗುವುದು ಶುರುವಾಗುವುದೇ ಇಲ್ಲಿಂದ. ಹೊಸ ಪಂಚ್ ಕಲಿಯುವುದು ಆಮೇಲೆ.

ಎರಡನೆಯದು, ಕಾಯುವ ಅಭ್ಯಾಸ. ದಡಕ್ಕೆ ಎಳೆಯುವ ರಾಂಪಣಿ ಬಲೆಯವರು ಬಂಗಡೆ ಮೀನು ದಡದ ಹತ್ತಿರ ಬರುವ ತನಕ ಕಾಯಬೇಕು, ಬರದಿದ್ದರೆ ಬಲೆ ಸುಮ್ನೆ ಬಿದ್ದಿರುತ್ತದೆ. ನೀನು ಇಷ್ಟು ದಿನ ಹಾಗೆಯೇ ಆಡಿದ್ದೀಯ. ರಾಜ್ಯ ಮಟ್ಟದ ಆ ಹುಡುಗ ಬರಲಿಲ್ಲ. ಬರದವನನ್ನು ಬರುವ ಹಾಗೆ ಮಾಡಬೇಕು. ಜ್ಯಾಬ್ (ಮುಂದಿನ ಕೈಯ ಚುರುಕು ನೇರ ಪಂಚ್) ಹೊಡೆಯುವಂತೆ ಭುಜ ಅಲ್ಲಾಡಿಸಿ ಹೊಡೆಯದೇ ನಿಲ್ಲು, ಅವನು ಏನು ಮಾಡುತ್ತಾನೆ ನೋಡು. ಕೈ ಎತ್ತಿದನಾ? ಹಿಂದೆ ಸರಿದನಾ? ತಿರುಗಿ ಹೊಡೆಯಲು ಬಂದನಾ? ಎರಡು ಸಲ ಅದನ್ನೇ ಮಾಡಿದರೆ ಮೂರನೇ ಸಲವೂ ಮಾಡುವ ಸಾಧ್ಯತೆ ಜಾಸ್ತಿ, ಆಗ ನಿನ್ನ ಬಲಗೈ ಹೋಗಬೇಕು. ಎದೆಗೆ, ಹೊಟ್ಟೆಗೆ ಜ್ಯಾಬ್ ಹೊಡೆಯುವುದನ್ನೂ ಕಲಿ. ಅದನ್ನು ತಡೆಯಲು ಅವನ ಮೊಣಕೈ ಕೆಳಗಿಳಿದರೆ ಮೇಲೆ ಜಾಗ ಬಿಡುತ್ತದೆ.

ಎಡಗೈ ಆಟಗಾರನ ಎದುರು ಕಾಲಿನ ಜಾಗವೇ ಮುಖ್ಯ. ನಿನ್ನ ಎಡಗಾಲೂ ಅವನ ಬಲಗಾಲೂ ಎದುರುಬದುರು ಬರುತ್ತವೆ. ನಿನ್ನ ಎಡಗಾಲು ಅವನ ಬಲಗಾಲಿನ ಹೊರಗಡೆ ಬಿದ್ದರೆ ನಿನ್ನ ಬಲಗೈಗೆ ನೇರ ದಾರಿ ಸಿಗುತ್ತದೆ. ಒಳಗಡೆ ಬಿದ್ದರೆ ಅವನ ಎಡಗೈಗೆ ದಾರಿ. ಅವನೂ ಇದೇ ಜಾಗಕ್ಕೆ ಒದ್ದಾಡುತ್ತಿರುತ್ತಾನೆ ಅನ್ನುವುದು ನೆನಪಿರಲಿ. ಬಲಕ್ಕೆ ಸರಿಯುವುದು ನಿನ್ನ ಅಭ್ಯಾಸವಾಗಿದ್ದರೆ ನೀನೇ ಅವನ ಎಡಗೈ ಎದುರಿಗೆ ನಡೆದುಕೊಂಡು ಹೋದಂತೆ. ಇದಕ್ಕೆ ಒಬ್ಬ ಎಡಗೈ ಹುಡುಗನ ಜೊತೆ ಸ್ಪಾರಿಂಗ್ ಬೇಕೇ ಬೇಕು, ಬ್ಯಾಗ್ ಹೊಡೆದರೆ ಬರುವುದಿಲ್ಲ. ಟ್ಯಾಗೋರ್ ಬೀಚಿನ ಮರಳಲ್ಲಿ ಓಡುವುದು ಕಾಲಿನ ಶಕ್ತಿಗೆ ತುಂಬಾ ಒಳ್ಳೆಯದು. ಆದರೆ ಈ ಕಾಲು ತಿರುಗಿಸುವ ಕೆಲಸವನ್ನು ಗಟ್ಟಿ ನೆಲದ ಮೇಲೆ ಮಾಡು. ಮರಳಲ್ಲಿ ಪಾದ ಹೂತು ನಿಧಾನವಾಗುತ್ತದೆ.

ಇರುವುದನ್ನು ಬಿಡದೆ ಬೆಳೆದವರಲ್ಲಿ ನನಗೆ ತುಂಬಾ ಇಷ್ಟವಾದ ಉದಾಹರಣೆ ಫಿಲಿಪ್ಪೀನ್ಸಿನ ಮ್ಯಾನಿ ಪ್ಯಾಕಿಯಾವ್. ಎಡಗೈ ಆಟಗಾರ. ಮೊದಮೊದಲು ಎಡಗೈ ನೇರ ಪಂಚ್ ಒಂದರ ಮೇಲೇ ಅವರ ಆಟ ನಿಂತಿತ್ತು. 2005ರ ಮಾರ್ಚ್‌ನಲ್ಲಿ ಮೆಕ್ಸಿಕೋದ ಎರಿಕ್ ಮೊರಾಲೆಸ್ ಎದುರು ಸೋತರು. ಕೋಚ್ ಫ್ರೆಡ್ಡಿ ರೋಚ್ ಆ ಎಡಗೈಯನ್ನು ಮುಟ್ಟಲಿಲ್ಲ, ಬಲಗೈಗೆ ಕೆಲಸ ಕಲಿಸಿದರು. ಬಲಗೈ ಹುಕ್ (ಮೊಣಕೈ ಬಗ್ಗಿಸಿ ಪಕ್ಕದಿಂದ ಬೀಸುವ ಪಂಚ್) ಬಂತು, ಹೊಟ್ಟೆಗೆ ಹೊಡೆಯುವುದು ಬಂತು. 2006ರ ಜನವರಿಯಲ್ಲಿ ಅದೇ ಮೊರಾಲೆಸ್ 10ನೇ ರೌಂಡಿನಲ್ಲಿ ಬಿದ್ದರು, ನವೆಂಬರ್‌ನಲ್ಲಿ 3ನೇ ರೌಂಡಿನಲ್ಲೇ. 2009ರಲ್ಲಿ ರಿಕಿ ಹಟನ್ ಅವರನ್ನು ಮೊದಲ ರೌಂಡಿನಲ್ಲಿ ಕೆಡವಿದ್ದು ಈ ಬಲಗೈ ಹುಕ್. ಎರಡನೇ ರೌಂಡಿನಲ್ಲಿ ಆಟ ಮುಗಿಸಿದ್ದು ಹಳೆಯ ಎಡಗೈ. ಬಲಗೈಗೆ ಹೆದರಬೇಕಾದ ಮೇಲೆ ಎದುರಾಳಿಗಳಿಗೆ ಎಡಗೈ ಮೇಲೆ ಕಣ್ಣಿಡುವುದು ಕಷ್ಟವಾಯಿತು.

ಈಗ ಅಲಿ ವಿಷಯ. ಕೈ ಕೆಳಗಿಟ್ಟು ತಲೆ ಹಿಂದಕ್ಕೆ ಎಳೆದು ತಪ್ಪಿಸಿಕೊಳ್ಳಲು ಅವರ ಕಾಲಿನ ವೇಗ ಬೇಕು. ಅವರಿಗೇ ಅದು ಕೊನೆ ತನಕ ನಡೆಯಲಿಲ್ಲ. ಮೂರು ವರ್ಷಕ್ಕೂ ಜಾಸ್ತಿ ರಿಂಗ್‌ನಿಂದ ದೂರ ಇದ್ದು 1970ರಲ್ಲಿ ಮರಳಿದಾಗ ಕಾಲು ಮೊದಲಿನಂತೆ ಇರಲಿಲ್ಲ. 1971ರಲ್ಲಿ ಜೋ ಫ್ರೇಜಿಯರ್ ಎಡಗೈ ಹುಕ್ಕಿನಿಂದ ಕೆಡವಿದರು. 1973ರಲ್ಲಿ ಕೆನ್ ನಾರ್ಟನ್ ದವಡೆ ಮುರಿದರು. ಆ ಇಬ್ಬರನ್ನೂ ಎರಡೆರಡೇ ರೌಂಡಿನಲ್ಲಿ ಮುಗಿಸಿದವರು ಜಾರ್ಜ್ ಫೋರ್‌ಮನ್. 1974ರಲ್ಲಿ ಕಿನ್ಶಾಸಾದಲ್ಲಿ ಫೋರ್‌ಮನ್ ಎದುರು ಅಲಿ ಹಗ್ಗಕ್ಕೆ ಒರಗಿ, ಕೈಗಳಿಂದ ಮುಖ ಮುಚ್ಚಿ, ಹೊಡೆಸಿಕೊಂಡು ಸುಸ್ತು ಮಾಡಿಸಿ 8ನೇ ರೌಂಡಿನಲ್ಲಿ ಕೆಡವಿದರು. ಅದು 15 ರೌಂಡಿನ ಪಂದ್ಯ, ಕಾಯಲು ಸಮಯವಿತ್ತು. ನಿನಗಿರುವುದು 3 ನಿಮಿಷದ 3 ರೌಂಡ್. ಪ್ರತಿ ರೌಂಡಿಗೂ ಗೆದ್ದವನಿಗೆ 10 ಅಂಕ, ಸೋತವನಿಗೆ ಸಾಮಾನ್ಯವಾಗಿ 9. ಒಂದು ರೌಂಡ್ ಹಗ್ಗಕ್ಕೆ ಒರಗಿ ನಿಂತರೂ ಜಡ್ಜ್‌ಗಳು ಅದನ್ನು ಎದುರಾಳಿಗೆ ಬರೆದುಬಿಡುತ್ತಾರೆ. ಗೆಳೆಯರಿಗೆ ಇದನ್ನು ಹೇಳು.

ಪ್ರಶ್ನೆ: ನನ್ನ ಮಗಳಿಗೆ 15 ವರ್ಷ, ಬಾಕ್ಸಿಂಗ್ ಕಲಿಯುತ್ತಾಳೆ. ಗಟ್ಟಿಯವರ ಜೊತೆ ಆಡಿದರೇ ಬೆಳೆಯುವುದು ಅಂತ ದೊಡ್ಡ ಹುಡುಗಿಯರ ಜೊತೆ ಸ್ಪಾರಿಂಗ್ ಮಾಡಿಸುತ್ತಾರೆ. ಕೆಲವು ದಿನ ತಲೆನೋವು ಅಂತ ಮಲಗಿಬಿಡುತ್ತಾಳೆ. ಇದು ಸರಿಯೇ?
– ಒಬ್ಬ ತಾಯಿ, ಕುಮಟಾ

ಉತ್ತರ: ಅಕ್ಕಾ, ಸರಿಯಲ್ಲ. ಸ್ಪಾರಿಂಗ್ ಆದ ಮೇಲೆ ತಲೆನೋವು ಬಂದರೆ ಮೊದಲು ಡಾಕ್ಟರಿಗೆ ತೋರಿಸಿ. ಅವರು ಸರಿ ಅನ್ನುವ ತನಕ ಸ್ಪಾರಿಂಗ್ ಪೂರ್ತಿ ನಿಲ್ಲಿಸಿ. ವಾಂತಿ, ಮಂಪರು, ಮಾತು ತೊದಲುವುದು, ಹೇಳಿದ್ದನ್ನೇ ಹೇಳುವುದು ಕಂಡರೆ ಬೆಳಗಿನ ತನಕ ಕಾಯಬೇಡಿ, ತಕ್ಷಣ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಹೆಡ್‌ಗಾರ್ಡ್ ಹಾಕಿದ್ದಾಳಲ್ಲ ಅಂತ ಸಮಾಧಾನ ಮಾಡಿಕೊಳ್ಳಬೇಡಿ. ಅದು ಚರ್ಮ ಹರಿಯುವುದನ್ನು ತಪ್ಪಿಸುತ್ತದೆ, ತಲೆಬುರುಡೆಯೊಳಗೆ ಮೆದುಳು ಅಲುಗುವುದನ್ನು ತಡೆಯುವುದಿಲ್ಲ.

ಗಟ್ಟಿಯವರು ಅಂದರೆ ಭಾರದವರು ಅಂತ ಅರ್ಥ ಅಲ್ಲ. ಅವಳದೇ ತೂಕದ, ಅವಳಿಗಿಂತ ಜಾಣತನದಿಂದ ಆಡುವ ಹುಡುಗಿ ಸಿಕ್ಕರೆ ಸಾಕು. ಅದೂ ಅರ್ಧ ಬಲದ ಸ್ಪಾರಿಂಗ್. ಒಂದು ರೌಂಡ್ ಬರೀ ಜ್ಯಾಬ್, ಒಂದು ರೌಂಡ್ ಬರೀ ತಪ್ಪಿಸಿಕೊಳ್ಳುವುದು, ಹೀಗೆ ಮಾಡಿದರೆ ಪೆಟ್ಟು ತಿನ್ನದೆಯೂ ಕಲಿಯಬಹುದು. ಹೆದರಿಕೊಂಡ ಮಗು ಹೊಸದನ್ನು ಪ್ರಯತ್ನಿಸುವುದಿಲ್ಲ, ಗೊತ್ತಿರುವ ಒಂದೇ ಪಂಚ್‌ಗೆ ಜೋತುಬೀಳುತ್ತದೆ.

ಪೆಟ್ಟು ತಿಂದು ಗೆಲ್ಲುವ ಆಟಕ್ಕೆ ಅಲಿ ಯಾವ ಬೆಲೆ ಕೊಟ್ಟರು ಅನ್ನುವುದು ನನ್ನನ್ನು ಇವತ್ತಿಗೂ ಕಾಡುತ್ತದೆ. ಅಭ್ಯಾಸದಲ್ಲೂ ಅವರು ಹೊಡೆಸಿಕೊಳ್ಳುತ್ತಿದ್ದರು. 1984ರಲ್ಲಿ ಪಾರ್ಕಿನ್ಸನ್ ಕಾಯಿಲೆ ಇದೆ ಅಂತ ಗೊತ್ತಾದಾಗ ಅವರಿಗೆ 42 ವರ್ಷ. ಕೋಚ್ ಹತ್ತಿರ ಸಂಕೋಚವಿಲ್ಲದೆ ಮಾತಾಡಿ. ಒಳ್ಳೆಯ ಕೋಚ್ ಸಿಟ್ಟಾಗುವುದಿಲ್ಲ, ಸಿಟ್ಟಾದರೆ ಬೇರೆ ಕಡೆ ಸೇರಿಸಿ.

ಪ್ರಶ್ನೆ: ನಾನು ಆಡಿದವನಲ್ಲ, ಟಿವಿಯಲ್ಲಿ ನೋಡುವವನು. ಚಿಕ್ಕವರಿದ್ದಾಗ ಮಿಂಚಿನಂತೆ ಹೊಡೆಯುವ ಬಾಕ್ಸರ್‌ಗಳು ದೊಡ್ಡ ಹೆಸರಾದ ಮೇಲೆ ಹಿಡಿದು ಹಿಡಿದು ಆಡುತ್ತಾರೆ. ಹೆದರಿಕೆಯೇ?
– ನಿವೃತ್ತ ಶಿಕ್ಷಕರು, ಶಿರಸಿ

ಉತ್ತರ: ಹೆದರಿಕೆ ಅಲ್ಲ ಮೇಷ್ಟ್ರೇ. ಮೇಲೆ ಹೋದಂತೆ ಎದುರಾಳಿ ತಪ್ಪು ಮಾಡುವುದು ಕಡಿಮೆ, ನೀವು ಮಾಡಿದ ತಪ್ಪಿಗೆ ಶಿಕ್ಷೆ ಜಾಸ್ತಿ. ಫ್ಲಾಯ್ಡ್ ಮೇವೆದರ್ ಚಿಕ್ಕ ತೂಕದಲ್ಲಿದ್ದಾಗ ನಾಕೌಟ್ ಮೇಲೆ ನಾಕೌಟ್ ಮಾಡುತ್ತಿದ್ದರು. ಆಮೇಲೆ ಕೈಗೆ ಮತ್ತೆ ಮತ್ತೆ ಗಾಯ, ಜೊತೆಗೆ ತನಗಿಂತ ದೊಡ್ಡ ಮೈಯವರ ತೂಕಕ್ಕೆ ಏರಿದ್ದು. ಮುಂಭುಜದ ಹಿಂದೆ ಗದ್ದ ಅಡಗಿಸಿ, ಬಂದ ಪಂಚ್ ಜಾರಿಸಿ, ಒಂದೇ ಒಂದು ಬಲಗೈ ಹೊಡೆದು ಪಕ್ಕಕ್ಕೆ ಸರಿಯುವ ಆಟವೇ ಅವರ ಮುಖ್ಯ ಆಟವಾಯಿತು. 50 ಪಂದ್ಯ, 50 ಗೆಲುವು, ಅದರಲ್ಲಿ ನಾಕೌಟ್ 27. ನನಗೆ ಅದು ನೀರಸ ಅನ್ನಿಸುವುದಿಲ್ಲ. ತಪ್ಪಿದ ಪ್ರತಿ ಪಂಚ್ ಎದುರಾಳಿಯ ಧೈರ್ಯ ಕುಗ್ಗಿಸುವುದು ಕಣ್ಣಿಗೆ ಕಾಣುತ್ತದೆ.

ನಮ್ಮ ಮೇರಿ ಕೋಮ್ ಅವರನ್ನೂ ನೋಡಿ. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಮಹಿಳೆಯರಿಗೆ ಇದ್ದದ್ದು ಮೂರೇ ತೂಕ, ಅತಿ ಚಿಕ್ಕದೇ 51 ಕೆಜಿ. 48ರಲ್ಲಿ ಆಡುತ್ತಿದ್ದವರು ಮೇಲೇರಿ ತನಗಿಂತ ಎತ್ತರದವರ ಎದುರು ನಿಲ್ಲಬೇಕಾಯಿತು. ಎತ್ತರದವರ ಎದುರು ಸುಮ್ಮನೆ ನುಗ್ಗಿದರೆ ಜ್ಯಾಬ್ ಮುಖಕ್ಕೇ ಬರುತ್ತದೆ. ಒಳಗೆ ಜಿಗಿದು, ಎರಡು ಮೂರು ಹೊಡೆದು, ಅಷ್ಟೇ ಬೇಗ ಹೊರಗೆ ಬರಬೇಕು. ಸೆಮಿಫೈನಲ್‌ನಲ್ಲಿ ನಿಕೋಲಾ ಆಡಮ್ಸ್ ಎದುರು ಸೋತರೂ ಕಂಚು ತಂದರು. ಮತ್ತೆ 48 ಕೆಜಿಗೆ ಇಳಿದು 2018ರಲ್ಲಿ ದೆಹಲಿಯಲ್ಲಿ 6ನೇ ವಿಶ್ವ ಚಿನ್ನ ಗೆದ್ದರು.

ನಿಮಗೆ ಬಿಡುವಿದ್ದರೆ ಪ್ಯಾಕಿಯಾವ್ ಮತ್ತು ಮೊರಾಲೆಸ್ ಅವರ ಮೂರೂ ಪಂದ್ಯಗಳನ್ನು ಸಾಲಾಗಿ ನೋಡಿ. ಕಾಮೆಂಟರಿ ಬಂದ್ ಮಾಡಿ. ಪ್ಯಾಕಿಯಾವ್ ಅವರ ಬಲಗೈ ಒಂದನ್ನೇ ನೋಡುತ್ತಾ ಹೋಗಿ. ಮೊದಲ ಪಂದ್ಯದಲ್ಲಿ ಅದು ಎಷ್ಟು ಕೆಲಸ ಮಾಡುತ್ತದೆ, ಮೂರನೆಯದರಲ್ಲಿ ಎಷ್ಟು ಅಂತ ಎಣಿಸಿ ನನಗೂ ಬರೆಯಿರಿ.