‘ಬೇಡ ಅಂದವರೂ ನೀವೇ, ಬೇಕು ಅಂದವರೂ ನೀವೇ’

ತಿಪಟೂರಿನ ನಿವೃತ್ತ ಮೇಷ್ಟ್ರೊಬ್ಬರು ಎರಡು ಹಾಳೆ ತುಂಬ ಪತ್ರ ಬರೆದಿದ್ದಾರೆ. ಪೂರ್ತಿ ಹಾಕಲು ಜಾಗವಿಲ್ಲ. ಮುಖ್ಯ ಭಾಗ ಇದು:

‘ಕಳೆದ ತಿಂಗಳು ನೆಂಟರ ಮದುವೆಗೆ ಹೋಗಿದ್ದೆವು. ನನ್ನ ಹೆಂಡತಿಗೆ 64 ವರ್ಷ, ಆಸ್ತಮಾ ಇದೆ. ಛತ್ರಕ್ಕೆ ಮಾಸ್ಕ್ ಹಾಕಿಕೊಂಡು ಬಂದಳು. ನಿಮ್ಮ ಮನೇಲಿ ಇನ್ನೂ ಕೊರೊನಾ ಹೋಗಿಲ್ವಾ ಅಂತ ನಾಲ್ಕು ಜನ ನಕ್ಕರು. ಮಾಸ್ಕ್ ತೆಗೆದು ಬ್ಯಾಗಿಗೆ ಹಾಕಿಕೊಂಡಳು. ನಾಲ್ಕನೇ ದಿನಕ್ಕೆ ಜ್ವರ, ಕೆಮ್ಮು. ನೆಬುಲೈಸರ್ ಕೊಡಿಸಬೇಕಾಯಿತು. ನಾನು ಹಳೆಯ ಸಂಚಿಕೆಗಳನ್ನು ಎತ್ತಿಡುವವನು. 2020ರ ಮಾರ್ಚ್ ಸಂಚಿಕೆಯಲ್ಲಿ ಆರೋಗ್ಯವಾಗಿರುವವರಿಗೆ ಮಾಸ್ಕ್ ಬೇಡ ಅಂತ ಬಾಕ್ಸ್ ಹಾಕಿದ್ದೀರಿ. ಜೂನ್ ಸಂಚಿಕೆಯಲ್ಲಿ ಮಾಸ್ಕ್ ಹಾಕದವರಿಂದ ಊರಿಗೇ ಕೇಡು ಅಂತ ಬರೆದಿದ್ದೀರಿ. ಬೇಡ ಅಂದವರೂ ನೀವೇ, ಬೇಕು ಅಂದವರೂ ನೀವೇ. ಯಾವುದನ್ನು ನಂಬೋಣ? ಈಗ ಎಚ್‌ಎಂಪಿವಿ ಅನ್ನುವ ಇನ್ನೊಂದು ವೈರಸ್ ಬಂದಿದೆ ಅನ್ನುತ್ತಿದ್ದಾರೆ. ಇವಳಿಗೆ ಏನು ಹೇಳಲಿ? ನಾಲ್ಕು ವರ್ಷದ ಮೊಮ್ಮಗನಿಗೂ ಹಾಕಿಸಬೇಕಾ?’

ಮೇಷ್ಟ್ರೇ, ನಮಸ್ಕಾರ.

ಅಮ್ಮನವರು ಈಗ ಹುಷಾರಾಗಿದ್ದಾರೆ ಅಂದುಕೊಳ್ಳುತ್ತೇನೆ. ನಿಮ್ಮ ಪತ್ರ ಬಂದ ದಿನವೇ ಆ ಎರಡೂ ಸಂಚಿಕೆಗಳನ್ನು ತೆಗೆಸಿ ಓದಿದೆ. ನೀವು ಬರೆದಿರುವುದು ಅಕ್ಷರಶಃ ನಿಜ. ಮಾರ್ಚ್‌ನಲ್ಲಿ ಒಂದು ಮಾತು, ಜೂನ್‌ನಲ್ಲಿ ಅದಕ್ಕೆ ತದ್ವಿರುದ್ಧದ ಮಾತು. ಮಾತು ಯಾಕೆ ಬದಲಾಯಿತು ಅನ್ನುವುದಕ್ಕೆ ಒಂದು ಸಾಲೂ ಇಲ್ಲ. ಆಗಲೂ ಸಂಪಾದಕ ನಾನೇ. ತಪ್ಪು ನನ್ನದು. ಆವತ್ತು ಕೊಡದ ವಿವರಣೆಯನ್ನು ಇವತ್ತು ಕೊಡುತ್ತೇನೆ.

ಮಾರ್ಚ್‌ನ ಬಾಕ್ಸ್ ನಾವು ಸುಮ್ನೆ ಬರೆದದ್ದಲ್ಲ. ವಿಶ್ವ ಆರೋಗ್ಯ ಸಂಸ್ಥೆ ಆಗ ಹೇಳುತ್ತಿದ್ದದ್ದು ಅದನ್ನೇ: ಕಾಯಿಲೆಯವರು, ಅವರನ್ನು ನೋಡಿಕೊಳ್ಳುವವರು ಹಾಕಿಕೊಳ್ಳಲಿ, ಉಳಿದವರಿಗೆ ಬೇಡ. ನಮ್ಮ ಕೇಂದ್ರ ಆರೋಗ್ಯ ಇಲಾಖೆಯ ಮಾತೂ ಅದೇ ಆಗಿತ್ತು. ಆದರೆ ಆ ಮಾತಿನ ಹಿಂದೆ ಎರಡು ಬೇರೆ ಬೇರೆ ಪ್ರಶ್ನೆಗಳಿದ್ದವು. ಮಾಸ್ಕ್ ಉಪಯೋಗಕ್ಕೆ ಬರುತ್ತದಾ ಅನ್ನುವುದು ಒಂದು. ಎಲ್ಲರಿಗೂ ಸಾಲುವಷ್ಟು ಮಾಸ್ಕ್ ಇದೆಯಾ ಅನ್ನುವುದು ಇನ್ನೊಂದು. ಎರಡನೆಯದಕ್ಕೆ ಉತ್ತರ ಸ್ಪಷ್ಟವಾಗಿತ್ತು: ಇಲ್ಲ. ಕೋವಿಡ್ ಎದುರಿಸಲು ಪ್ರಪಂಚಕ್ಕೆ ತಿಂಗಳಿಗೆ 8.9 ಕೋಟಿ ವೈದ್ಯಕೀಯ ಮಾಸ್ಕ್ ಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆಯೇ ಮಾರ್ಚ್ ಮೊದಲ ವಾರ ಲೆಕ್ಕ ಕೊಟ್ಟಿತ್ತು. ನಮ್ಮಲ್ಲಿ ಮಾರ್ಚ್ 13ರಂದು ಮಾಸ್ಕನ್ನು ಅಗತ್ಯ ವಸ್ತುಗಳ ಪಟ್ಟಿಗೆ ಸೇರಿಸಿದರು. 21ರಂದು ಮೂರು ಪದರದ ಮಾಸ್ಕ್ 10 ರೂಪಾಯಿ ದಾಟಬಾರದು ಎಂದು ಬೆಲೆ ಕಟ್ಟಿದರು. ಬೆಲೆ ಕಟ್ಟುವಷ್ಟು ಅಭಾವ ಇತ್ತು ಅಂತ ತಾನೇ ಅರ್ಥ?

‘ಮಾಸ್ಕ್ ಕಮ್ಮಿ ಇದೆ, ಡಾಕ್ಟರು, ನರ್ಸುಗಳಿಗೆ ಬಿಟ್ಟುಕೊಡಿ, ನೀವು ಸದ್ಯಕ್ಕೆ ಬಟ್ಟೆ ಕಟ್ಟಿಕೊಳ್ಳಿ’ ಎಂದು ನೇರವಾಗಿ ಹೇಳಬಹುದಿತ್ತು. ಹೇಳಲಿಲ್ಲ. ‘ನಿಮಗೆ ಅದರಿಂದ ಉಪಯೋಗ ಇಲ್ಲ’ ಅಂದರು. ಅಮೆರಿಕ ಸರ್ಕಾರದ ಆಗಿನ ಸರ್ಜನ್ ಜನರಲ್, ಅಂದರೆ ಜನರಿಗೆ ಆರೋಗ್ಯ ಸಲಹೆ ಕೊಡುವ ಮುಖ್ಯ ಡಾಕ್ಟರು, ಜೆರೋಮ್ ಆಡಮ್ಸ್ 2020ರ ಫೆಬ್ರುವರಿ 29ರಂದು ಮಾಡಿದ ಟ್ವೀಟ್ ನೋಡಿ. ಮಾಸ್ಕ್ ಕೊಳ್ಳುವುದನ್ನು ನಿಲ್ಲಿಸಿ, ಸಾಮಾನ್ಯ ಜನರಿಗೆ ಸೋಂಕು ತಗಲದಂತೆ ಅದು ತಡೆಯುವುದಿಲ್ಲ ಎಂದರು. ಅದೇ ಉಸಿರಿನಲ್ಲಿ, ಆಸ್ಪತ್ರೆಯವರಿಗೆ ಮಾಸ್ಕ್ ಸಿಗದೇ ಹೋದರೆ ಎಲ್ಲರಿಗೂ ಅಪಾಯ ಎಂದರು. ಡಾಕ್ಟರ ಮೂಗಿಗೆ ಕೆಲಸ ಮಾಡುವುದು ನನ್ನ ಮೂಗಿಗೆ ಯಾಕೆ ಮಾಡಲ್ಲ ಅಂತ ಯಾರಿಗಾದರೂ ಅನ್ನಿಸುತ್ತದೆ, ಅಲ್ವಾ? ನಮ್ಮ ಜನ ಸೀಮೆಎಣ್ಣೆಗೆ, ಸಕ್ಕರೆಗೆ ರೇಷನ್ ಅಂಗಡಿ ಮುಂದೆ ಸಾಲು ನಿಂತವರು. ಇಲ್ಲ ಅಂದರೆ ಅರ್ಥ ಮಾಡಿಕೊಳ್ಳುತ್ತಾರೆ. ಇರುವುದರಲ್ಲಿ ಹಂಚಿಕೊಳ್ಳುತ್ತಾರೆ. ಅಭಾವವನ್ನು ಒಪ್ಪಿಕೊಳ್ಳುವ ಬದಲು ವಸ್ತುವೇ ಪ್ರಯೋಜನಕ್ಕಿಲ್ಲ ಅಂದದ್ದೇ ದೊಡ್ಡ ತಪ್ಪು. ಗೊಂದಲ ಶುರುವಾದದ್ದು ಅಲ್ಲಿಂದ. ಆ ಮಾತನ್ನು ತಿಪಟೂರಿನವರೆಗೆ ಮುಟ್ಟಿಸಿದವರಲ್ಲಿ ನಾವೂ ಇದ್ದೆವು.

ಆಮೇಲೆ ಮಾತು ತಿರುಗಿದ್ದು ಬಹಳ ಬೇಗ. ಏಪ್ರಿಲ್ ಮೊದಲ ವಾರ ಕೇಂದ್ರ ಸರ್ಕಾರ ಮನೆಯಲ್ಲೇ ಹೊಲಿದ ಮಾಸ್ಕ್ ಹಾಕಿಕೊಳ್ಳಿ ಎಂದಿತು. ಏಪ್ರಿಲ್ 15ರ ಆದೇಶದಲ್ಲಿ ಸಾರ್ವಜನಿಕ ಜಾಗದಲ್ಲಿ ಕಡ್ಡಾಯ ಮಾಡಿತು. ವಿಶ್ವ ಆರೋಗ್ಯ ಸಂಸ್ಥೆ ಜೂನ್ 5ರಂದು ತನ್ನ ಸಲಹೆ ಬದಲಿಸಿತು. ಬದಲಿಸಲು ಒಳ್ಳೆಯ ಕಾರಣವೂ ಇತ್ತು. ಕೆಮ್ಮು, ಜ್ವರ ಶುರುವಾಗುವ ಮೊದಲೇ ಒಬ್ಬರಿಂದ ಒಬ್ಬರಿಗೆ ವೈರಸ್ ಹರಡುತ್ತದೆ ಎಂದು ಅಷ್ಟರಲ್ಲಿ ಗೊತ್ತಾಗಿತ್ತು. ಯಾರು ಕಾಯಿಲೆಯವರು ಅಂತ ಮುಖ ನೋಡಿ ಹೇಳಲಾಗದಿದ್ದರೆ, ಕಾಯಿಲೆಯವರು ಮಾತ್ರ ಹಾಕಿಕೊಳ್ಳಿ ಅನ್ನುವ ಸಲಹೆ ನಿಲ್ಲುವುದಿಲ್ಲ. ಇದನ್ನು ಒಂದು ಪ್ಯಾರಾದಲ್ಲಿ ಬರೆದಿದ್ದರೆ ಸಾಕಿತ್ತು. ಜೂನ್ ಸಂಚಿಕೆಯಲ್ಲಿ ನಾವು ಬೈದೆವೇ ಹೊರತು ಬಿಡಿಸಿ ಹೇಳಲಿಲ್ಲ.

ಇನ್ನೊಂದು ಗೊಂದಲ ಇದಕ್ಕಿಂತ ಆಳವಾದದ್ದು. ವೈರಸ್ ಹೇಗೆ ಹರಡುತ್ತದೆ ಅನ್ನುವುದರಲ್ಲೇ ತಜ್ಞರಿಗೆ ಒಮ್ಮತ ಇರಲಿಲ್ಲ. ನಿಮ್ಮ ಅಡುಗೆಮನೆಯನ್ನೇ ನೆನೆಸಿಕೊಳ್ಳಿ. ಒಗ್ಗರಣೆಗೆ ಸಾಸಿವೆ ಹಾಕಿದರೆ ಸಿಡಿಯುತ್ತದೆ. ಸಿಡಿದದ್ದು ಒಲೆಯ ಆಚೀಚೆ ಬೀಳುತ್ತದೆ. ಒಂದು ಹೆಜ್ಜೆ ಹಿಂದೆ ನಿಂತರೆ ನಿಮಗೆ ತಾಕದು. ಅದೇ ಎಣ್ಣೆಗೆ ಒಣಮೆಣಸಿನಕಾಯಿ ಬಿದ್ದು ಸೀದರೆ? ಘಾಟು ನಡುಮನೆ ದಾಟಿ ಜಗಲಿಯಲ್ಲಿ ಕೂತವರಿಗೂ ಕೆಮ್ಮು ಬರಿಸುತ್ತದೆ. ಕಿಟಕಿ ಮುಚ್ಚಿದ್ದರಂತೂ ಕಾಲು ಗಂಟೆ ಇಳಿಯುವುದಿಲ್ಲ. ಕೊರೊನಾ ಸಾಸಿವೆಯ ಹಾಗೆ ಅಂದುಕೊಂಡು ಆರು ಅಡಿ ದೂರ, ಕೈತೊಳೆಯುವುದು, ಗಾಜಿನ ಪರದೆ ಎಲ್ಲ ಬಂದವು. ಅದು ಗಾಳಿಯಲ್ಲಿ ಹರಡುವುದಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2020ರ ಮಾರ್ಚ್ 28ರಂದು ಟ್ವೀಟನ್ನೇ ಮಾಡಿತ್ತು. ಆದರೆ ಅದು ಘಾಟಿನ ಹಾಗೆಯೂ ಹರಡುತ್ತಿತ್ತು.

ಅದೇ ಮಾರ್ಚ್ 10ರಂದು ಅಮೆರಿಕದ ವಾಷಿಂಗ್ಟನ್ ರಾಜ್ಯದ ಒಂದು ಊರಿನಲ್ಲಿ 61 ಜನ ಒಂದು ಹಾಲ್‌ನಲ್ಲಿ ಸೇರಿ ಎರಡೂವರೆ ಗಂಟೆ ಕೋರಸ್ ಹಾಡು ಅಭ್ಯಾಸ ಮಾಡಿದರು. ಸ್ಯಾನಿಟೈಸರ್ ಇಟ್ಟಿದ್ದರು. ಅಪ್ಪಿಕೊಳ್ಳುವುದನ್ನೂ ಬಿಟ್ಟಿದ್ದರು. ಅವರಲ್ಲಿ 53 ಜನ ಕಾಯಿಲೆ ಬಿದ್ದರು. ಇಬ್ಬರು ತೀರಿಕೊಂಡರು. ಜುಲೈನಲ್ಲಿ 239 ವಿಜ್ಞಾನಿಗಳು ಸೇರಿ ಗಾಳಿಯ ವಿಷಯ ಮರೆಯಬೇಡಿ ಎಂದು ಬಹಿರಂಗ ಪತ್ರ ಬರೆದರು. ವಿಶ್ವ ಆರೋಗ್ಯ ಸಂಸ್ಥೆ ಜನರಿಗೆ ಇದನ್ನು ಬಿಡಿಸಿ ಹೇಳುವಷ್ಟರಲ್ಲಿ 2021ರ ಏಪ್ರಿಲ್ ಮುಗಿಯುತ್ತಿತ್ತು. ನಮ್ಮಲ್ಲಿ ಎರಡನೇ ಅಲೆಗೆ ಹಾಸಿಗೆ ಸಿಗದ ದಿನಗಳು ಅವು. ಅದನ್ನು ನೆನೆದರೆ ಇವತ್ತಿಗೂ ನನಗೆ ಸಂಕಟವಾಗುತ್ತದೆ.

ಈ ಜಗಳ ಹೊಸದೂ ಅಲ್ಲ. 1910–11ರಲ್ಲಿ ಚೀನಾದ ಮಂಚೂರಿಯಾದಲ್ಲಿ ಶ್ವಾಸಕೋಶದ ಪ್ಲೇಗ್ ಬಂದಾಗ, ಇದು ಉಸಿರಿನಿಂದ ಹರಡುತ್ತದೆ, ಬಟ್ಟೆ ಮತ್ತು ಹತ್ತಿಯ ಮಾಸ್ಕ್ ಕಟ್ಟಿಕೊಳ್ಳಿ ಎಂದು ವು ಲಿಯೆನ್-ತೆ ಎಂಬ ಡಾಕ್ಟರು ಹೇಳಿದರು. ಮೆನಿ ಎಂಬ ಹಿರಿಯ ಫ್ರೆಂಚ್ ಡಾಕ್ಟರು ಒಪ್ಪಲಿಲ್ಲ. ಮಾಸ್ಕ್ ಇಲ್ಲದೆ ರೋಗಿಗಳನ್ನು ನೋಡಿದರು. ಕೆಲವೇ ದಿನಗಳಲ್ಲಿ ಅದೇ ಪ್ಲೇಗಿಗೆ ಪ್ರಾಣ ಬಿಟ್ಟರು.

ಇನ್ನು ದಂಡದ ವಿಷಯ. 2020ರ ಅಕ್ಟೋಬರ್‌ ಮೊದಲಲ್ಲಿ ನಮ್ಮ ರಾಜ್ಯದ ನಗರಗಳಲ್ಲಿ ಮಾಸ್ಕ್ ದಂಡ 1000 ರೂಪಾಯಿಗೆ, ಹಳ್ಳಿಗಳಲ್ಲಿ 500ಕ್ಕೆ ಏರಿತು. ಜನ ಸಿಟ್ಟಾದರು. ಒಂದೇ ವಾರದಲ್ಲಿ 250 ಮತ್ತು 100ಕ್ಕೆ ಇಳಿಯಿತು. ದಂಡ ಬೇಡವೇ ಬೇಡ ಅನ್ನುವವನಲ್ಲ ನಾನು. ಆದರೆ ಅದರಿಂದ ಮಾಸ್ಕ್ ಅಂದರೆ ದಂಡ ಹಾಕುವ ಮಾರ್ಷಲ್ ಕಣ್ಣಿಗೆ ಬೀಳಬೇಕಾದ ವಸ್ತು ಅನ್ನುವಂತಾಯಿತು. ಬಯಲಲ್ಲಿ ಬೈಕ್ ಓಡಿಸುವಾಗ ಹಾಕಿಕೊಂಡವರು, ಹೋಟೆಲ್ ಒಳಗೆ ಹತ್ತು ಜನರ ಮಧ್ಯೆ ಗದ್ದಕ್ಕೆ ಇಳಿಸಿಕೊಂಡರು. ಘಾಟಿನ ಲೆಕ್ಕದಲ್ಲಿ ನೋಡಿದರೆ ಇದು ಪೂರ್ತಿ ತಲೆಕೆಳಗು. ತಪ್ಪು ಅವರದ್ದಲ್ಲ. ಎಲ್ಲಿ ಅಪಾಯ ಜಾಸ್ತಿ ಅಂತ ಅವರಿಗೆ ಯಾರೂ ಹೇಳಿರಲಿಲ್ಲ.

ಹಾಗಾದರೆ ಮಾಸ್ಕಿನಿಂದ ಉಪಯೋಗ ಆಯಿತೇ? ಆಯಿತು. ಎಷ್ಟು ಅನ್ನುವುದಕ್ಕೆ ಬಾಂಗ್ಲಾದೇಶದ ಒಂದು ಅಧ್ಯಯನ ನೋಡಿ. 600 ಹಳ್ಳಿಗಳು, ಸುಮಾರು 3.4 ಲಕ್ಷ ಜನ. ಅರ್ಧ ಹಳ್ಳಿಗಳಲ್ಲಿ ಮಾಸ್ಕ್ ಉಚಿತವಾಗಿ ಕೊಟ್ಟು, ಹಾಕಿಕೊಳ್ಳಿ ಎಂದು ನೆನಪಿಸುತ್ತಾ ಹೋದರು. ಮಾಸ್ಕ್ ಸರಿಯಾಗಿ ಹಾಕುವವರು ನೂರಕ್ಕೆ 13 ಇದ್ದದ್ದು 42 ಆಯಿತು. ಲಕ್ಷಣ ಕಾಣಿಸಿಕೊಂಡು, ರಕ್ತ ಪರೀಕ್ಷೆಯಲ್ಲೂ ಖಚಿತವಾದ ಸೋಂಕು ಶೇ 9ರಷ್ಟು ಇಳಿಯಿತು. ಸರ್ಜಿಕಲ್ ಮಾಸ್ಕ್ ಕೊಟ್ಟ ಹಳ್ಳಿಗಳಲ್ಲಿ 60 ದಾಟಿದವರಲ್ಲಿ ಸುಮಾರು ಶೇ 35ರಷ್ಟು ಇಳಿಯಿತು. ಬಟ್ಟೆ ಮಾಸ್ಕಿನಿಂದ ಅಷ್ಟು ಸ್ಪಷ್ಟ ಫಲ ಕಾಣಲಿಲ್ಲ. ಅರ್ಧಕ್ಕಿಂತ ಹೆಚ್ಚು ಜನ ಹಾಕದೇ ಇದ್ದಾಗಲೂ ಇಷ್ಟಾಯಿತು ಅನ್ನುವುದನ್ನು ಮರೆಯಬೇಡಿ.

2023ರ ಆರಂಭದಲ್ಲಿ ವೈದ್ಯಕೀಯ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ಪರಿಶೀಲಿಸುವ ಕೊಕ್ರೇನ್ ಎಂಬ ಸಂಸ್ಥೆಯ ವರದಿ ಬಂದಾಗ, ಮಾಸ್ಕ್ ಕೆಲಸ ಮಾಡಲ್ಲ ಅಂತ ಸಾಬೀತಾಯಿತು ಎಂದು ಸುದ್ದಿ ಹಬ್ಬಿತು. ನೀವೂ ನೋಡಿರಬಹುದು. ಹಾಗೆ ಅರ್ಥ ಮಾಡಿಕೊಳ್ಳುವುದು ತಪ್ಪು ಎಂದು ಆ ಸಂಸ್ಥೆಯ ಪ್ರಧಾನ ಸಂಪಾದಕರೇ ಮಾರ್ಚ್‌ನಲ್ಲಿ ಸ್ಪಷ್ಟನೆ ಕೊಟ್ಟರು. ಮಾಸ್ಕ್ ಹಾಕಿಕೊಳ್ಳಿ ಎಂದು ಜನರಿಗೆ ಹೇಳುವ ಕಾರ್ಯಕ್ರಮಗಳಿಂದ ಫಲ ಸಿಕ್ಕಿತೇ ಅನ್ನುವುದು ವರದಿಯ ಪ್ರಶ್ನೆ. ಅದಕ್ಕೂ ಖಚಿತ ಉತ್ತರ ಸಿಕ್ಕಿರಲಿಲ್ಲ. ಕೊಡೆ ಹಂಚಿದ ಊರಿನಲ್ಲಿ ಎಷ್ಟು ಜನ ನೆನೆದರು ಅನ್ನುವ ಪ್ರಶ್ನೆ ಬೇರೆ. ಕೊಡೆ ಬಿಚ್ಚಿ ಹಿಡಿದವನು ನೆನೆದನೇ ಅನ್ನುವುದು ಬೇರೆ.

ಈಗ ಅಮ್ಮನವರ ವಿಷಯಕ್ಕೆ ಬರುತ್ತೇನೆ. ದಯವಿಟ್ಟು ಅವರಿಗೆ ಈ ಭಾಗ ಓದಿ ಹೇಳಿ.

ಅಮ್ಮಾ, ನೀವು ಮಾಡಿದ್ದೇ ಸರಿ. ನಕ್ಕವರು ತಪ್ಪು. 2023ರ ಡಿಸೆಂಬರ್‌ನಲ್ಲಿ ಕೊರೊನಾದ ಜೆಎನ್.1 ತಳಿ ಬಂದಾಗ ನಮ್ಮ ರಾಜ್ಯ ಸರ್ಕಾರ 60 ದಾಟಿದವರಿಗೆ, ಬೇರೆ ಕಾಯಿಲೆ ಇರುವವರಿಗೆ ಮಾಸ್ಕ್ ಹಾಕಿಕೊಳ್ಳಿ ಎಂದೇ ಹೇಳಿತ್ತು. ನಿಮಗೆ ಎರಡೂ ಕಾರಣ ಇವೆ. ಬೀದಿಯಲ್ಲಿ, ತೋಟದಲ್ಲಿ, ಮನೆ ಮುಂದೆ ಬೇಕಿಲ್ಲ. ಛತ್ರ, ಬಸ್ಸು, ಆಸ್ಪತ್ರೆಯಲ್ಲಿ ಕಾಯುವ ಕೋಣೆ, ಕೆಮ್ಮುವವರು ಇರುವ ಮನೆ, ಇಲ್ಲಿ ಬೇಕು. ಬಟ್ಟೆಯದಕ್ಕಿಂತ ಸರ್ಜಿಕಲ್ ಮಾಸ್ಕ್ ಮೇಲು. ಎನ್95 ಅದಕ್ಕಿಂತ ಮೇಲು. ಮೂಗಿನ ಮೇಲಿನ ತಂತಿಯನ್ನು ಒತ್ತಿ ಕೂರಿಸಿ. ಜೋರಾಗಿ ಉಸಿರು ಬಿಟ್ಟಾಗ ಅಂಚಿನಿಂದ ಗಾಳಿ ಬಂದು ಕಣ್ಣಿಗೆ ತಾಗಿದರೆ ಮಾಸ್ಕ್ ಸರಿಯಾಗಿ ಕೂತಿಲ್ಲ ಅಂತ ಅರ್ಥ. ಎನ್95 ಒಗೆಯಬೇಡಿ. ಅದರೊಳಗಿನ ಪದರದಲ್ಲಿ ಸ್ಥಾಯೀ ವಿದ್ಯುತ್ ಇರುತ್ತದೆ. ಸಣ್ಣ ಕಣಗಳನ್ನು ಹಿಡಿಯುವುದರಲ್ಲಿ ಅದರ ಪಾತ್ರ ದೊಡ್ಡದು. ಸೋಪಿನ ನೀರಿಗೆ ಅದು ಹೋಗಿಬಿಡುತ್ತದೆ. ಮುಂದೆ ಪ್ಲಾಸ್ಟಿಕ್ ವಾಲ್ವ್ ಇರುವುದನ್ನು ಕೊಳ್ಳಬೇಡಿ. ನಿಮ್ಮ ಉಸಿರು ಅದರಿಂದ ಹಾಗೇ ಹೊರಗೆ ಬರುತ್ತದೆ. ಆಸ್ತಮಾ ಇರುವುದರಿಂದ ಒಮ್ಮೆ ನಿಮ್ಮ ಡಾಕ್ಟರನ್ನೂ ಕೇಳಿ. ಉಸಿರು ಕಟ್ಟಿದಂತಾದರೆ ಹೊರಗೆ ಬಂದು ಮಾಸ್ಕ್ ತೆಗೆಯಿರಿ, ಇನ್‌ಹೇಲರ್ ಕೈಗೆ ಸಿಗುವಂತೆ ಇಟ್ಟುಕೊಳ್ಳಿ. ಊಟಕ್ಕೆ ಹೇಗೂ ತೆಗೆಯಲೇಬೇಕು. ಕಿಟಕಿ ಪಕ್ಕದ ಎಲೆ ನೋಡಿ ಕೂತುಕೊಳ್ಳಿ.

ಮೊಮ್ಮಗನಿಗೆ ಬೇಡ, ಮೇಷ್ಟ್ರೇ. ಐದು ವರ್ಷದವರೆಗಿನ ಮಕ್ಕಳಿಗೆ ಮಾಸ್ಕ್ ಬೇಡ ಎಂದು ಕೇಂದ್ರದ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯ 2021ರಲ್ಲೇ ಹೇಳಿದೆ. ಅವನಿಗೆ ನೆಗಡಿ ಇದ್ದ ದಿನ ಅಜ್ಜಿಯೇ ಮಾಸ್ಕ್ ಹಾಕಿಕೊಂಡು ಎತ್ತಿಕೊಳ್ಳಲಿ. ಎಚ್‌ಎಂಪಿವಿಗೆ ಹೆದರಬೇಡಿ. ಅದನ್ನು ಗುರುತಿಸಿದ್ದೇ 2001ರಲ್ಲಿ, ಹೊಸದಲ್ಲ. 2025ರ ಜನವರಿಯಲ್ಲಿ ಬೆಂಗಳೂರಿನ ಎರಡು ಕೂಸುಗಳಲ್ಲಿ ಕಂಡದ್ದರಿಂದ ಸುದ್ದಿಯಾಯಿತು, ಅಷ್ಟೆ. ಆದರೂ ಆಸ್ತಮಾ ಇರುವವರಿಗೆ ಯಾವ ನೆಗಡಿಯೂ ಸಣ್ಣದಲ್ಲ.

2020ರ ಮಾರ್ಚ್‌ನ ಬಾಕ್ಸ್ ಆರನೇ ಪುಟದ ಬಲಗಡೆ ಇತ್ತು. ಈ ಸಂಚಿಕೆಯ ಆರನೇ ಪುಟದ ಬಲಗಡೆ, ಅಷ್ಟೇ ದೊಡ್ಡ ಅಕ್ಷರದಲ್ಲಿ, ತಿದ್ದುಪಡಿ ಹಾಕಿದ್ದೇವೆ. ನೀವು ಎತ್ತಿಟ್ಟ ಹಳೆಯ ಸಂಚಿಕೆಯ ಜೊತೆ ಅದನ್ನೂ ಇಟ್ಟುಕೊಳ್ಳಿ.

– ಸಂಪಾದಕ